ಅಂಗೈಯಲ್ಲಿ ಕೂತ ಉತ್ತರ

"ಮೇಷ್ಟ್ರೇ, ಗಟ್ಟಿಯಾಗ್ ಇಡ್ಕೋಬೇಡಿ. ಗುಬ್ಬಿಗಿಂತ ಸಣ್ಣ ಜೀವ" ಎನ್ನುತ್ತ ಜಿಯಾವುಲ್ಲಾ ಬಲೆಯಿಂದ ಬಿಡಿಸಿದ ಹಕ್ಕಿಯನ್ನು ಗುರುಪಾದಸ್ವಾಮಿಯ ಕೈಗಿತ್ತ. ಅವನ ಕೈಯಲ್ಲಿ ಆಗಲೇ ಇನ್ನೊಂದಿತ್ತು.

ಗುರುಪಾದಸ್ವಾಮಿ ಗುಂಡ್ಲುಪೇಟೆಯಲ್ಲಿ ವಿಜ್ಞಾನದ ಮೇಷ್ಟ್ರು. ಜಿಯಾವುಲ್ಲಾ ಲಾವಕ್ಕಿ ಹಿಡಿದು ಸಂತೆಯಲ್ಲಿ ಮಾರುವವ. ಚಳಿಗಾಲದಲ್ಲಿ ಕೆರೆಯಂಗಳಕ್ಕೆ ಬರುವ ಈ ಕಂದು ಹಕ್ಕಿಗಳೆಲ್ಲ ಒಂದೇ ಜಾತಿಯವೆಂದು ಮೇಷ್ಟ್ರು ವಾದಿಸುತ್ತಿದ್ದರು. ಜಿಯಾವುಲ್ಲಾ ಒಪ್ಪಿರಲಿಲ್ಲ. "ಒಂದು ಜೊಂಡು ಬುಟ್ಟು ಆಚೆಗ್ ಬರಾಕಿಲ್ಲ, ಚಿಕ್ ಚಿಕ್ ಅಂತದೆ. ಇನ್ನೊಂದು ಬೇಲಿ ಪೊದೇಲೂ ಇರ್ತದೆ, ಕಲ್ಲಿಗೆ ಕಲ್ಲು ಬಡ್ದಂಗೆ ಟಕ್ ಅಂತದೆ" ಎಂದಿದ್ದ.

ಬರೀ ಕೂಗು ನಂಬಲು ಮೇಷ್ಟ್ರಿಗೆ ಮನಸ್ಸು ಬರಲಿಲ್ಲ. ೧೯೫೫ರ ಮಾರ್ಚ್ ಮುಗಿಯುತ್ತ ಬಂದಿತ್ತು. ಇನ್ನು ಕೆಲವೇ ದಿನಗಳಲ್ಲಿ ಅವು ಹಿಮಾಲಯದಾಚೆಗೆ ಹೊರಡುತ್ತವೆ. ಹಿಡಿದೇ ನೋಡಬೇಕೆಂದು ಹಟ ಮಾಡಿದ್ದರು.

ಪಕ್ಕಪಕ್ಕ ಹಿಡಿದಾಗ ವ್ಯತ್ಯಾಸ ಕಂಡಿತು. ಜಿಯಾವುಲ್ಲಾನ ಕೈಯದಕ್ಕೆ ಕಣ್ಣಿನ ಮೇಲೆ ಅಗಲವಾದ ಬಿಳಿ ಹುಬ್ಬು. ಮೇಷ್ಟ್ರ ಕೈಯದಕ್ಕೆ ಹುಬ್ಬು ಇದ್ದೂ ಇಲ್ಲದಂತೆ, ಕೊಕ್ಕು ತುಸು ಉದ್ದ. ಜಿಯಾವುಲ್ಲಾ ಅಂಗೈ ಬಿಚ್ಚಿದ. ಅವನ ಹಕ್ಕಿ ಜೊಂಡಿನೊಳಗೆ ನುಗ್ಗಿತು.

"ಸಾಕು, ನಿಮ್ದೂ ಬುಟ್ಬುಡಿ ಸ್ವಾಮಿ."

"ಒಂದೇ ನಿಮಿಷ ತಡಿಯಪ್ಪ. ರೆಕ್ಕೆ ಅಳತೆ ಬರ್ಕೋತೀನಿ."

ಒಂದೊಂದೇ ಗರಿ ಬಿಡಿಸಿ, ಸ್ಕೇಲಿಟ್ಟು, ನೋಟುಪುಸ್ತಕದಲ್ಲಿ ಬರೆದರು. ಬೆರಳಿಗೆ ತಾಗುತ್ತಿದ್ದ ಎದೆಬಡಿತ ಯಾವಾಗ ನಿಂತಿತೋ ತಿಳಿಯಲಿಲ್ಲ. ಹಾರಲೆಂದು ಕೈ ಬಿಚ್ಚಿದಾಗ ಹಕ್ಕಿ ಅಲ್ಲೇ ಒರಗಿತು. ಜಿಯಾವುಲ್ಲಾ ನೀರು ಚಿಮುಕಿಸಿದ, ಕೊಕ್ಕಿಗೆ ಉಸಿರು ಊದಿದ. ಆಮೇಲೆ ಬಲೆ ಸುತ್ತತೊಡಗಿದ. ಮೇಷ್ಟ್ರು ಕೆರೆ ಏರಿಯ ಮೇಲೆ ಬೆರಳಿನಿಂದಲೇ ಗುಂಡಿ ತೋಡಿದರು.

ಮೂರನೆಯ ದಿನ ಮೈಸೂರಿನಿಂದ ಕಾಗದ ಬಂತು. ಜಿಯಾವುಲ್ಲಾ ಹೇಳಿದ ಎರಡು ಕೂಗುಗಳನ್ನು ವಿವರಿಸಿ ಮೇಷ್ಟ್ರು ಹಿಂದಿನ ತಿಂಗಳು ಅಲ್ಲಿನ ಪ್ರೊಫೆಸರೊಬ್ಬರಿಗೆ ಬರೆದು, ಉತ್ತರಕ್ಕೆ ಕಾದು ಸಾಕಾಗಿ ಬಲೆ ಹಾಕಿಸಿದ್ದರು. 'ಈ ಕೂಗುಗಳೇ ಸಾಕು. ಎರಡೂ ಬೇರೆ ಜಾತಿ. ದಯವಿಟ್ಟು ಹಿಡಿಯಲು ಹೋಗಬೇಡಿ' ಎಂದಿತ್ತು.

ಮೇಷ್ಟ್ರು ಕಾಗದ ಹಿಡಿದು ಸಂತೆಗೆ ಹೋದರು. "ನೀನು ಹೇಳಿದ್ದೇ ಸರಿಯಂತೆ ಕಣಪ್ಪ."

ಓದು ಬಾರದ ಜಿಯಾವುಲ್ಲಾ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ.

"ನೀವ್ ಬರ್ಕೊಂಡ್ರಲ್ಲ, ರೆಕ್ಕೆ ಅಳ್ತೆ, ಅದ್ರಿಂದ್ಲೇ ಗೊತ್ತಾಯ್ತಾ?"

ಮೇಷ್ಟ್ರು ಕಾಗದ ವಾಪಸು ತೆಗೆದುಕೊಂಡು ಮಡಚಿದರು. ಕೊನೆಗೆ "ಹೂಂ" ಎಂದರು.

"ಅಂಗಾದ್ರೆ ಆ ಜೀವ ಸುಮ್ಸುಮ್ನೆ ಓಗ್ಲಿಲ್ಲ ಬುಡಿ" ಎಂದು ಜಿಯಾವುಲ್ಲಾ ಅವರ ಕೈ ಹಿಡಿದು ಸಮಾಧಾನ ಮಾಡಿದ.