ಕಂಸದೊಳಗಿನ ಸಾಲು

ಮೈಕಿನ ಮುಂದೆ ಜನರಲ್ ಮ್ಯಾನೇಜರ್ ಎರಡನೇ ಹಾಳೆ ತಿರುವಿದಾಗ ಪ್ರತಿಭಾ ಕುರ್ಚಿಯ ತುದಿಗೆ ಸರಿದಳು. ಭಾಷಣ ಬರೆದುಕೊಟ್ಟವಳು ಅವಳೇ. ಸಾಹೇಬರಿಗೆಂದು ಕಂಸದೊಳಗೆ ಸೂಚನೆಗಳನ್ನೂ ಟೈಪ್ ಮಾಡಿದ್ದಳು. ಮೊದಲ ಹಾಳೆಯ ‘ಸ್ವಲ್ಪ ನಿಲ್ಲಿಸಿ’ ಎಂಬುದನ್ನು ಅವರು ಆಗಲೇ ಗಟ್ಟಿಯಾಗಿ ಓದಿಬಿಟ್ಟಿದ್ದರು.

“ಮೂವತ್ತನಾಲ್ಕು ವರ್ಷ ದಾಸರಹಳ್ಳಿಯಿಂದ ಜಾಲಹಳ್ಳಿಗೆ ಸೈಕಲ್ ತುಳಿದು ಬಂದ ನಮ್ಮ ಅಕ್ಬರ್ ಪಾಷಾ ಇಂದು ನಿವೃತ್ತರಾಗುತ್ತಿದ್ದಾರೆ. ನಾಳೆಯಿಂದ ಆ ಲೇತ್ ಮಷಿನ್ ಮುಂದೆ ಅವರಿರುವುದಿಲ್ಲ.” ಸಾಹೇಬರು ತಲೆಯೆತ್ತದೆ ಮುಂದುವರಿಸಿದರು: “ಇಲ್ಲಿ ಕಣ್ಣೊರೆಸಿಕೊಳ್ಳಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರತಿಭಾ ತಲೆ ತಗ್ಗಿಸಿದಳು. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದ ಪಾಷಾ ಮಾತ್ರ ಜೇಬಿನಿಂದ ಕರ್ಚೀಫು ತೆಗೆದು, ಎರಡೂ ಕಣ್ಣನ್ನು ನಿಧಾನವಾಗಿ ಒರೆಸಿಕೊಂಡರು.

“ಒರೆಸ್ಕೊಂಡೆ ಸಾರ್,” ಎಂದರು. “ಮುಂದೆ ಓದಿ.”