ಹೊಗೆಯ ಎಳೆ

ಊದುಬತ್ತಿ ಕಂಪನಿಯ ಇಮೇಲ್‌ಗಳಿಗೆ ಏಜೆಂಟರು ಉತ್ತರ ಬರೆಯುವುದನ್ನು ನಿಲ್ಲಿಸಿ ಎಷ್ಟೋ ತಿಂಗಳುಗಳಾಗಿದ್ದವು. ಕಂಪನಿಯ ಹೆಸರಿನ ಪಕ್ಕ ಕಾಣುವ ಮಾಲೀಕರ ಪುಟ್ಟ ಫೋಟೊ ಕೊಂಚ ಅಲುಗಾಡಿದರೆ ಜನ ತೆರೆದು ನೋಡಿಯಾರು ಎಂದು ಯಾರೋ ಹೇಳಿದ್ದರು.

ಡಿಸೈನರ್ ಹುಡುಗಿ ಫೋಟೊದ ಕಣ್ಣು ಮಿಟುಕುವಂತೆ ಮಾಡಿ ಮಾಲೀಕರಿಗೆ ತೋರಿಸಿದಳು.

“ಥೂ, ಪೋಲಿ ಹುಡುಗರು ಕಣ್ಣು ಹೊಡೆದಂಗಿದೆ. ಗಂಭೀರವಾಗಿರಬೇಕಮ್ಮ. ಕಂಡೂ ಕಾಣದ ಹಾಗೆ ಅಲುಗಬೇಕು.”

ತುಟಿಯಂಚಿನಲ್ಲಿ ನಗು ತರಿಸಿದಳು. ಅದೂ ಬೇಡವಾಯಿತು.

“ಇನ್ನೇನು ಮಾಡ್ಲಿ ಸಾರ್? ನಂಗೆ ತೋಚ್ತಾನೇ ಇಲ್ಲ.”

“ಏನಾದ್ರೂ ಮಾಡಮ್ಮ. ನಾನು ಇದ್ದೀನೋ ಇಲ್ವೋ ಅಂತ ಕೇಳೋರೂ ಇಲ್ಲ. ಇನ್ನು ಕಾರ್ಖಾನೆಗೆ ಬೀಗ ಹಾಕೋದೊಂದೇ ಬಾಕಿ.”

ಕೊನೆಯ ಪ್ರಯತ್ನವೆಂದು ಅವಳು ಫೋಟೊದ ಕೆಳಗೆ ಅವರದೇ ಊದುಬತ್ತಿಯೊಂದನ್ನು ಬರೆದಳು. ತೆಳುವಾದ ಹೊಗೆಯ ಎಳೆಯೊಂದು ಮಾಲೀಕರ ಮುಖವನ್ನು ಸವರಿಕೊಂಡು ಮೆಲ್ಲಗೆ ಮೇಲೇರಿತು.

“ಇದು ಕಣಮ್ಮ!” ಮಾಲೀಕರ ಕಣ್ಣು ತುಂಬಿತು. ಕೂಡಲೇ ಆ ಫೋಟೊ ಹಾಕಿ, ಹೊಸದೊಂದು ಊದುಬತ್ತಿಯ ವಿವರವನ್ನು ಎಲ್ಲ ಏಜೆಂಟರಿಗೂ ಇಮೇಲ್ ಮಾಡಿದರು.

ಮರುದಿನ ಬೆಳಿಗ್ಗೆ ಇನ್‌ಬಾಕ್ಸ್ ತುಂಬಿಹೋಗಿತ್ತು. ಅವಳು ಹಿಗ್ಗಿನಿಂದ ಮೊದಲನೆಯದನ್ನು ಗಟ್ಟಿಯಾಗಿ ಓದತೊಡಗಿದಳು.

“ಫೋಟೊ ನೋಡಿ ಎದೆ ಧಸಕ್ಕೆಂದಿತು. ನಿಮ್ಮ ಮಾಲೀಕರು ದೇವರಂಥ ಮನುಷ್ಯ. ಅವರ ಆತ್ಮಕ್ಕೆ ಶಾಂತಿ ಸಿಗಲಿ.”

ಅವಳು ಗಡಿಬಿಡಿಯಿಂದ ಎರಡನೆಯದನ್ನು ತೆರೆದಳು. ಅದರಲ್ಲೂ ಅದೇ ಇತ್ತು.

“ತಪ್ಪಾಯ್ತು ಸಾರ್, ಈಗ್ಲೇ ಹೊಗೆ ತೆಗೆದುಬಿಡ್ತೀನಿ.”

ಮಾಲೀಕರು ಪರದೆಯಿಂದ ಕಣ್ಣು ಕೀಳಲಿಲ್ಲ.

“ಇರ್ಲಿ ಬಿಡಮ್ಮ. ಮುಂದಿನದು ಓದು.”