ಪೈಪಿನ ತೂತು

"ಕರೆಂಟ್ ಹೋದ್ರೂ ಒಂದ್ ಹನಿ ನೀರು ಚೆಲ್ಲಂಗಿಲ್ರಿ," ಗಚ್ಚಿಬೌಲಿಯ ಮೀನು ಪ್ರಯೋಗಾಲಯದ ಉದ್ಘಾಟನೆಯಲ್ಲಿ ಮುಖ್ಯ ಎಂಜಿನಿಯರ್ ಶಿವಪ್ರಕಾಶ, ನಿರ್ದೇಶಕರಾದ ಅಮೃತಪ್ಪನವರೆದುರು ಬೀಗಿದ. ಆ ತೊಟ್ಟಿಗಳ ನಕ್ಷೆ ಬಿಡಿಸಿದವಳು ಅವನ ಕೈಕೆಳಗಿನ ವೇದವತಿ. ಗೋಡೆಯ ಫಲಕದಲ್ಲಿ 'ವಿನ್ಯಾಸ' ಎಂಬುದರ ಮುಂದೆ ಇದ್ದದ್ದು ಮಾತ್ರ ಅವನೊಬ್ಬನ ಹೆಸರು. ಪಂಪ್ ನಿಂತಾಗ ಗಾಳಿ ಒಳಹೊಕ್ಕು ನೀರಿನ ಸೆಳೆತ ಮುರಿದು, ತೊಟ್ಟಿಯ ನೀರು ಹಿಂದಕ್ಕೆ ಹರಿಯದಿರಲೆಂದು ಅವಳು ಪೈಪಿಗೆ ಕೊರೆಸಿದ್ದ ಸಣ್ಣ ತೂತನ್ನು, ತಪ್ಪೆಂದು ಎಲ್ಲರೆದುರು ಬೈದು ಮುಚ್ಚಿಸಿದವನೂ ಅವನೇ.

"ಪಂಪ್ ಬಂದ್ ಮಾಡಿ ತೋರಸ್ರಿ ಸರ್," ಎಂದಳು ವೇದವತಿ ನಯವಾಗಿ. "ಮೀನು ಇನ್ನೂ ಬಿಟ್ಟಿಲ್ಲಲ್ರಿ."

ಅವನು ಗತ್ತಿನಿಂದ ಸ್ವಿಚ್ ಆರಿಸಿದ. ತೊಟ್ಟಿಗಳ ನೀರು ಅದೇ ಪೈಪಿನಲ್ಲಿ ವಾಪಸು ಹರಿದು, ಕೆಳಗಿನ ಟ್ಯಾಂಕು ತುಂಬಿ ತುಳುಕಿ, ಅಮೃತಪ್ಪನವರ ಬೂಟಿನೊಳಗೆ ಹೊಕ್ಕಿತು.

"ಯಾರ್ರಿ ಇದನ್ನ ಡಿಸೈನ್ ಮಾಡಿದ್ದು?"

"ಇವರೇ ಸರ್!" ಶಿವಪ್ರಕಾಶ ಮೊದಲ ಬಾರಿಗೆ ವೇದವತಿಯತ್ತ ಬೆರಳು ತೋರಿದ.

ವೇದವತಿ ಸೀರೆಯ ನೆರಿಗೆ ಎತ್ತಿ ಹಿಡಿದು, ನಗುತ್ತ ಫಲಕದತ್ತ ಕೈ ಮಾಡಿದಳು. "ಹೆಸರು ನಿಮ್ದೇ ಐತಲ್ರಿ ಸರ್."